ಎರಡು ಕಪ್ಪು ಇಟ್ಟಿಗೆ

"ಈ ಸಲ ನಿಮ್ಮಪ್ಪನ ಬಾಯಿಂದ 'ಪರವಾಗಿಲ್ಲ' ಅನ್ನಿಸದೇ ಹೋದ್ರೆ ನಾನು ತಕ್ಕಡಿ ಮುಟ್ಟೋದನ್ನೇ ಬಿಟ್ಟುಬಿಡ್ತೀನಿ!"

ನಾನು ಹೀಗೆಂದು ಘೋಷಿಸಿದಾಗ ನನ್ನ ಹೆಂಡತಿ ಶೂಗೆ ಪಾಲಿಶ್ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ಇನ್ನೊಂದು ಶೂ ಸ್ವಲ್ಪ ಇತ್ತ ಕೊಡ್ರೀ" ಎಂದಳು. ಮಹಾಪ್ರತಿಜ್ಞೆಗಳಿಗೆ ನಮ್ಮ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.

ತಕ್ಕಡಿ ಮುಟ್ಟುವುದು ನನ್ನ ಹೊಟ್ಟೆಪಾಡು. ತೂಕ, ಅಳತೆ ಪರಿಶೀಲಿಸುವ ಕಚೇರಿಯಲ್ಲಿ ನಾನು ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯಾ, ತೂಕದ ಬಟ್ಟು ಸವೆದಿದೆಯಾ ನೋಡಿ, ಸರಿಯಿದ್ದರೆ ಮುದ್ರೆ ಒತ್ತಿ ಬರುವವನು. ಒಂದು ಗ್ರಾಂ ಆಚೀಚೆಯಾದರೂ ನನ್ನ ಕಣ್ಣು ತಪ್ಪಿಸುವಂತಿಲ್ಲ. ನನ್ನನ್ನು ದೂರದಿಂದ ಕಂಡರೆ ತರಕಾರಿ ಅಂಗಡಿಯವನ ಕೈ ತಂತಾನೇ ತಕ್ಕಡಿ ಒರೆಸಲು ಶುರು ಮಾಡುತ್ತದೆ. ಇಂಥ ನನ್ನನ್ನು ಜಗತ್ತಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳದವರು ಇಬ್ಬರು. ಒಬ್ಬಳು ಶೂ ಪಾಲಿಶ್ ಮಾಡುತ್ತಿದ್ದಳು. ಇನ್ನೊಬ್ಬರು ಅವಳ ಅಪ್ಪ.

ನಮ್ಮ ಮಾವನವರದು ಟಿಂಕರಿಂಗ್ ಶೆಡ್ಡು. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವುದು ಅವರ ಕೆಲಸ. ನಲವತ್ತೆರಡು ವರ್ಷ ಅದೊಂದನ್ನೇ ಮಾಡಿದ್ದಾರೆ. ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಸವರಿ, ಎಲ್ಲಿ ಕೂದಲೆಳೆಯಷ್ಟು ತಗ್ಗಿದೆ ಎಂದು ಹೇಳಬಲ್ಲವರು. ಮಾತು ಮಾತ್ರ ಬಲು ಕಡಿಮೆ. ಕೆಲಸ ಅತ್ಯದ್ಭುತವಾಗಿದ್ದರೆ "ಪರವಾಗಿಲ್ಲ" ಎನ್ನುತ್ತಾರೆ. ಉಳಿದದ್ದಕ್ಕೆಲ್ಲ "ಬೇಡ ಬಿಡಿ." ನಲವತ್ತೆರಡು ವರ್ಷಗಳಲ್ಲಿ ಆ "ಪರವಾಗಿಲ್ಲ" ಸಿಕ್ಕಿದ್ದು ಮೂರೇ ಮೂರು ಸಲ. ಒಂದು, ಅವರ ಹಳೇ ಪೇಂಟರಿಗೆ. ಎರಡು, ಮೊದಲ ಸಲ ಬಸ್ಸನ್ನು ಹಿಮ್ಮುಖವಾಗಿ ಶೆಡ್ಡಿನೊಳಕ್ಕೆ ತಂದು ನಿಲ್ಲಿಸಿದ ತಮ್ಮ ಮಗಳಿಗೆ, ಅಂದರೆ ನನ್ನ ಹೆಂಡತಿಗೆ. ಅವಳು ಶಾಲಾ ಬಸ್ಸಿನ ಡ್ರೈವರ್. ಮೂರನೆಯದು ಒಂದು ಮರದ ಸುತ್ತಿಗೆಗೆ!

ನನಗೆ ಸಿಕ್ಕಿದ್ದು ಇನ್ನೊಂದು. ಮದುವೆಯಾದ ಹೊಸತರಲ್ಲಿ ಶೆಡ್ಡಿಗೆ ಹೋಗಿದ್ದೆ. ಮಾವ ಒಂದು ಹಳೇ ತಗಡು, ಒಂದು ಸುತ್ತಿಗೆ ಕೊಟ್ಟು, "ಹೊಡೀರಿ, ನೋಡೋಣ" ಎಂದರು. ಹೊಡೆದೆ. ತಗಡಿಗೆ ಏನೂ ಆಗಲಿಲ್ಲ. ನನ್ನ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮಾವ ಸುತ್ತಿಗೆ ವಾಪಸ್ ಇಸಿದುಕೊಂಡು, "ಬೇಡ ಬಿಡಿ" ಎಂದರು. ಹದಿನಾಲ್ಕು ವರ್ಷವಾಯಿತು. ಉಗುರು ಹೊಸದು ಬಂದಿದೆ, ಮಾತು ಹಳೆಯದೇ ಇದೆ.

ಈಗ ಅವರು ಶೆಡ್ಡು ಮುಚ್ಚುವವರಿದ್ದರು. ಟೈರ್ ಅಂಗಡಿಯವರೊಬ್ಬರು ಆ ಜಾಗ ತೆಗೆದುಕೊಳ್ಳುತ್ತಿದ್ದರು. ಕೊನೇ ದಿನ, ಭಾನುವಾರ ಸಂಜೆ ನಾಲ್ಕು ಗಂಟೆಗೆ, ಹಳೇ ಗಿರಾಕಿಗಳಿಗೆಲ್ಲ ಚಹಾ. ಆಮೇಲೆ ಶಟರ್ ಇಳಿಯಿತೆಂದರೆ ಮುಗಿಯಿತು. ಶೆಡ್ಡೇ ಇಲ್ಲದ ಮೇಲೆ ಮಾವ "ಪರವಾಗಿಲ್ಲ" ಎನ್ನುವುದಾದರೂ ಯಾವುದಕ್ಕೆ? ನನ್ನ ಪಾಲಿಗೆ ಉಳಿದದ್ದು ಅದೊಂದೇ ಅವಕಾಶ.

ಶೆಡ್ಡಿನಲ್ಲಿ ಅವರ ಕುರ್ಚಿಯ ಹಿಂದೆ ಒಂದು ಫೋಟೋ ಇದೆ. ಐವತ್ತು ವರ್ಷ ಹಳೆಯ ಮಸಲ್ ಕಾರು. ಕಿತ್ತಳೆ ಬಣ್ಣ, ಎರಡೇ ಬಾಗಿಲು, ಮೈಲುದ್ದದ ಬಾನೆಟ್, ಮೂತಿಯಿಂದ ಡಿಕ್ಕಿಯವರೆಗೆ ಎರಡು ಕಪ್ಪು ಪಟ್ಟಿ, ಹಿಂದಿನ ಚಕ್ರಗಳ ಮೇಲೆ ಪೈಲ್ವಾನನ ತೋಳಿನ ಹಾಗೆ ಉಬ್ಬಿದ ಮೈ. ಯಾರೋ ನಜ್ಜುಗುಜ್ಜು ಮಾಡಿಕೊಂಡು ತಂದದ್ದಂತೆ. ಮಾವ ಮೂರು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು ಹೊಸದರಂತೆ ಮಾಡಿಕೊಟ್ಟರಂತೆ. "ನನ್ನ ಶಾಲೆ ಡ್ಯಾನ್ಸಿಗೂ ಅಪ್ಪ ಬರಲಿಲ್ಲ, ಗೊತ್ತಾ? ಆ ಕಾರಿನ ಕೆಳಗೆ ಮಲಗಿದ್ರು" ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಆ ಕಾರನ್ನು ನಾನು ಆಟಿಕೆ ಇಟ್ಟಿಗೆಗಳಲ್ಲಿ ಕಟ್ಟಿಕೊಡುವುದು! ಒಂದಕ್ಕೊಂದು ಕಚ್ಚಿಕೊಳ್ಳುವ, ತಲೆ ಮೇಲೆ ಗುಬುಟುಗಳಿರುವ ಪ್ಲಾಸ್ಟಿಕ್ ಇಟ್ಟಿಗೆ. ಸುತ್ತಿಗೆ ಬೇಡ, ಹೆಬ್ಬೆರಳಿಗೆ ಅಪಾಯವಿಲ್ಲ, ಬೇಕಾದದ್ದು ಅಳತೆ ಒಂದೇ. ಅಳತೆಯಲ್ಲಿ ನನ್ನನ್ನು ಮೀರಿಸುವವರು ಯಾರು?

ಆಟಿಕೆ ಅಂಗಡಿಯ ಹುಡುಗಿ ನನ್ನ ಪಟ್ಟಿ ನೋಡಿ ನಕ್ಕಳು. "ಮಗೂಗೆ ಎಷ್ಟು ವಯಸ್ಸು ಸಾರ್?"

"ನಲವತ್ತಾರು" ಎಂದೆ.

ಅವಳು ಡಬ್ಬಿ ತಿರುಗಿಸಿ ನೋಡಿದಳು. "ಎಂಟು ವರ್ಷ ಮೇಲ್ಪಟ್ಟವರಿಗೆ ಅಂತಿದೆ. ಆಗುತ್ತೆ ಬಿಡಿ" ಎಂದಳು.

ಕಟ್ಟುವ ಕ್ರಮದ ಪುಸ್ತಕವಿರುವ ರೆಡಿ ಡಬ್ಬಿ ನನಗೆ ಬೇಕಿರಲಿಲ್ಲ. ಪುಸ್ತಕ ನೋಡಿಕೊಂಡು ಯಾರು ಬೇಕಾದರೂ ಕಟ್ಟುತ್ತಾರೆ. ನಾನು ಬಿಡಿ ಇಟ್ಟಿಗೆಗಳನ್ನೇ ಚೀಲಗಟ್ಟಲೆ ತಂದೆ. ಮಾವನ ಫೋಟೋದ ಒಂದು ಪ್ರತಿ ತೆಗೆಸಿಕೊಂಡು, ಕಚೇರಿಯ ವರ್ನಿಯರ್ ಕ್ಯಾಲಿಪರ್ ಇಟ್ಟು ಇಂಚಿಂಚೂ ಅಳೆದೆ. ನಿಜವಾದ ಕಾರಿನ ಎಂಟರಲ್ಲಿ ಒಂದು ಪಾಲು, ಉದ್ದ ಸರಿಯಾಗಿ ಅರವತ್ತು ಸೆಂಟಿಮೀಟರ್. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ನನ್ನ ಲೆಕ್ಕವನ್ನೆಲ್ಲ ಮತ್ತೊಮ್ಮೆ ತಾಳೆ ನೋಡಿದ. ಅವನನ್ನು ಕಚೇರಿಯಲ್ಲಿ ಎಲ್ಲರೂ ಮಿಲಿಗ್ರಾಂ ಎಂದೇ ಕರೆಯುವುದು. ಮೈಕಟ್ಟೂ ಹಾಗೇ, ಬುದ್ಧಿಯೂ ಹಾಗೇ.

"ಲೆಕ್ಕ ಸರಿ ಇದೆ ಸಾರ್. ಆದ್ರೆ ಎಲ್ಲಿಟ್ಟು ಕಟ್ತೀರಿ?" ಎಂದ ಮಿಲಿಗ್ರಾಂ.

"ಮೇಜಿನ ಮೇಲೆ."

"ಮೇಜು ಮಟ್ಟವಾಗಿದೆಯಾ? ಬುಡದಲ್ಲಿ ಒಂದು ಮಿಲಿಮೀಟರ್ ಓರೆಯಾದ್ರೆ ಛಾವಣಿ ಹೊತ್ತಿಗೆ ಕಾರು ತೂರಾಡ್ತಿರುತ್ತೆ."

ಮಾತು ನಾಟಿತು. ಅಂದೇ ಸಂಜೆ ರಸಮಟ್ಟ ಹಿಡಿದು ಮನೆಯೆಲ್ಲ ತಿರುಗಿದೆ. ಊಟದ ಮೇಜು ಎಡಕ್ಕೆ ವಾಲಿತ್ತು. ಓದುವ ಮೇಜು ಬಲಕ್ಕೆ. ಮಂಚ ಮಧ್ಯದಲ್ಲಿ ತಗ್ಗು, ಅದೂ ನಾನು ಮಲಗುವ ಕಡೆಯೇ ಹೆಚ್ಚು! ನೆಲವನ್ನಂತೂ ಕೇಳಬೇಡಿ, ಗೋಲಿ ಬಿಟ್ಟರೆ ಮುಂಬಾಗಿಲಿಂದ ಅಡುಗೆಮನೆಗೆ ತಾನೇ ಹೋಗಿ ಸೇರುತ್ತದೆ. ಇಷ್ಟು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಸರಿಮಾಡಿದವನ ಮನೆಯಲ್ಲಿ ಒಂದೇ ಒಂದು ವಸ್ತು ಮಟ್ಟವಾಗಿರಲಿಲ್ಲ.

ತಪ್ಪಿದೆ, ಒಂದಿತ್ತು. ಅಡುಗೆಮನೆ ಹಿಂದಿನ ಪುಟ್ಟ ಕೋಣೆಯ ವಾಷಿಂಗ್ ಮೆಷಿನ್. ಮುಂದುಗಡೆ ಬಾಗಿಲಿರುವ ಮೆಷಿನ್ನಾದ್ದರಿಂದ ಅದರ ತಲೆ ಚಪ್ಪಟೆ. ಅದರ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ಬಂದು ಎರಡು ಗೆರೆಗಳ ನಟ್ಟನಡುವೆ ತಪಸ್ಸಿಗೆ ಕುಳಿತಂತೆ ಕೂತುಬಿಟ್ಟಿತು. ಕೂರದೆ ಏನು? ಅದನ್ನು ಮಟ್ಟ ಮಾಡಿದವನೇ ನಾನು!

ಅದರ ಮುಂದಿನ ಬಲಗಾಲು ಮುರಿದು ಆರು ತಿಂಗಳಾಗಿತ್ತು. "ರೀ, ಮೆಕ್ಯಾನಿಕ್ಕಿಗೆ ಹೇಳಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಇಟ್ಟಿಗೆ ಚೀಲ ತಂದ ದಿನ ನನಗೆ ಹೊಳೆಯಿತು. ಎಂಟು ಗುಬುಟಿನ ಎರಡು ಕಪ್ಪು ಇಟ್ಟಿಗೆಗಳನ್ನು ಒಂದರ ಮೇಲೊಂದು ಕಚ್ಚಿಸಿ ಮುರಿದ ಕಾಲಿನ ಜಾಗಕ್ಕೆ ತುರುಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಮೆಷಿನ್ ತಿರುಗುವಾಗ ಅದರ ತಲೆಯ ಮೇಲೆ ತುಂಬಿದ ಲೋಟ ನೀರಿಟ್ಟು ಹೆಂಡತಿಯನ್ನು ಕರೆದೆ. ಒಂದು ಹನಿ ಚೆಲ್ಲಲಿಲ್ಲ!

"ನೋಡಿದ್ಯಾ?" ಎಂದೆ.

"ನೋಡಿದೆ. ಆ ಇಟ್ಟಿಗೆ ಮಾತ್ರ ಅಲ್ಲಾಡಿಸ್ಬೇಡಿ" ಎಂದಳು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮೂರು ತಿಂಗಳು ಆ ಮೆಷಿನ್ನಿನ ತಲೆಯೇ ನನ್ನ ಕಾರ್ಖಾನೆಯಾಯಿತು. ಮೆಷಿನ್ ಅಗಲ ಅರವತ್ತು, ಕಾರಿನ ಉದ್ದ ಅರವತ್ತು. ಕೆಳಗೆ ಬಟ್ಟೆ ತಿರುಗುತ್ತಿತ್ತು, ಮೇಲೆ ಕಾರು ಬೆಳೆಯುತ್ತಿತ್ತು. ಎಂಜಿನ್ ಕಟ್ಟಿದೆ, ಎಂಟು ಸಿಲಿಂಡರ್. ಬಾನೆಟ್ ಎತ್ತಿದರೆ ಕಾಣುವ ಫ್ಯಾನಿಗೆ ರಬ್ಬರ್ ಬ್ಯಾಂಡಿನ ಬೆಲ್ಟ್. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತಿತ್ತು. ಹಿಂದಿನ ಆ ಪೈಲ್ವಾನ್ ಉಬ್ಬೇ ನನ್ನನ್ನು ಅಳಿಸಿದ್ದು. ಚೌಕದ ಇಟ್ಟಿಗೆಯಲ್ಲಿ ದುಂಡಗಿನ ಮೈ ಬರುವುದು ಹೇಗೆ? ಕೊನೆಗೆ ಬಾಗಿಲಿನ ಕೀಲಿನ ಹಾಗೆ ಮಡಚುವ ಪುಟ್ಟ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಒಂದು ಬದಿಗೆ ನಲವತ್ತರಂತೆ ಬಳಸಿ, ಬೇಕಾದಂತೆ ಬಗ್ಗಿಸಿದೆ. ಅದು ಮುಗಿದ ದಿನ ಸಂತೋಷ ತಡೆಯಲಾಗದೆ ಹೆಂಡತಿಯ ಕೈ ಹಿಡಿದು ಎಳೆತಂದು ತೋರಿಸಿದೆ.

ಅವಳು ಕಣ್ಣು ಮುಚ್ಚಿ ಅಂಗೈ ಸವರಿದಳು, ಥೇಟ್ ಅಪ್ಪನ ಮಗಳು. "ಚೆನ್ನಾಗಿದೆ ಕಣ್ರೀ" ಎಂದಳು. ನಿಜವಾಗಿಯೂ ಎಂದಳು! ಆಮೇಲೆ, "ಇದನ್ನ ಸ್ವಲ್ಪ ಎತ್ತಿ ಹಿಡೀತೀರಾ? ಸೋಪಿನ ಪುಡಿ ಹಿಂದಿದೆ" ಎಂದಳು.

ಹೀಗೆ ಕೊನೆಯ ಶನಿವಾರ ಬಂತು. ಡಿಕ್ಕಿಯ ಅಂಚಿನಲ್ಲಿ ಎರಡು ಕಪ್ಪು ಪಟ್ಟಿಗಳು ಮುಗಿಯುವ ಕಡೆ ಎಂಟು ಗುಬುಟಿನ ಎರಡು ಕಪ್ಪು ಇಟ್ಟಿಗೆ ಇಟ್ಟರೆ ಕಾರು ಸಂಪೂರ್ಣ. ಚೀಲಕ್ಕೆ ಕೈ ಹಾಕಿದೆ. ಇಲ್ಲ! ಚೀಲ ಕೊಡವಿದೆ. ಇಲ್ಲ! ಅಳತೆಯ ಇಲಾಖೆಯವನ ಲೆಕ್ಕ ತಪ್ಪುವುದೆಂದರೇನು? ಅಂಗಡಿಗೆ ಓಡಿದೆ. "ಕಪ್ಪು ಖಾಲಿ ಸಾರ್, ಮಂಗಳವಾರ ಬರುತ್ತೆ" ಎಂದಳು ಹುಡುಗಿ. ಬಿಳಿಯ ಇಟ್ಟಿಗೆಗೆ ಶೂ ಪಾಲಿಶ್ ಹಚ್ಚಿ ನೋಡಿದೆ. ನನ್ನ ಬೆರಳು ಕಪ್ಪಾಯಿತು, ಇಟ್ಟಿಗೆ ಆಗಲಿಲ್ಲ. ಬೇರೆ ಬಣ್ಣ ಇಡೋಣವೆಂದರೆ ಮಾವನ ಕಣ್ಣು ಮೊದಲು ಹೋಗಿ ಕೂರುವುದೇ ಅಲ್ಲಿಗೆ.

ಆಗ ನೆನಪಾಯಿತು. ನನ್ನ ಲೆಕ್ಕ ತಪ್ಪಿರಲಿಲ್ಲ. ಆ ಎರಡು ಇಟ್ಟಿಗೆ ಮನೆಯಲ್ಲೇ ಇದ್ದವು, ನನ್ನ ಪಾದದಿಂದ ಒಂದು ಗೇಣು ದೂರದಲ್ಲಿ, ಮೆಷಿನ್ನಿನ ಕಾಲಡಿ.

ಹೆಂಡತಿ ಶಾಲೆಯ ಪ್ರವಾಸಕ್ಕೆಂದು ಬಸ್ ತೆಗೆದುಕೊಂಡು ಹೋಗಿದ್ದಳು. ಕಾರನ್ನು ಜೋಪಾನವಾಗಿ ಮಂಚದ ಮೇಲಿಟ್ಟು, ಕಬ್ಬಿಣದ ಸಲಾಕೆಯಿಂದ ಮೆಷಿನ್ನಿನ ಮೂಲೆ ಮೀಟಿ ಎತ್ತಿ, ಇಟ್ಟಿಗೆಗಳನ್ನು ಹೊರಗೆಳೆದೆ. ಹಾಗೆಯೇ ಬಿಟ್ಟೆನೆಂದು ತಿಳಿಯಬೇಡಿ, ಅಷ್ಟು ಬೇಜವಾಬ್ದಾರಿ ಮನುಷ್ಯ ನಾನಲ್ಲ! ಕಚೇರಿಯ ಹಳೇ ಸರ್ಟಿಫಿಕೇಟ್ ಒಂದಿತ್ತು, ದಪ್ಪನೆಯ ರಟ್ಟು ಕಾಗದ. ಅದನ್ನು ಮಡಚಿ ಮಡಚಿ, ಕ್ಯಾಲಿಪರಿನಲ್ಲಿ ಅಳೆದು, ಅಷ್ಟೇ ಎತ್ತರಕ್ಕೆ ತಂದು ತುರುಕಿದೆ. ರಸಮಟ್ಟ ಇಟ್ಟೆ. ಗುಳ್ಳೆ ನಡುವೆ! ಕಾರನ್ನು ವಾಪಸ್ ಮೆಷಿನ್ನಿನ ಮೇಲಿಟ್ಟು, ಕೊನೆಯ ಎರಡು ಇಟ್ಟಿಗೆ ಒತ್ತಿದೆ. ಟಕ್, ಟಕ್. ಆ ಎರಡು ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಹೆಂಡತಿಗೆ ಹೇಳುವುದು ಮರೆಯಿತು. ಅಥವಾ ಮರೆತೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ನಾನು ಗಡ್ಡ ಹೆರೆಯುತ್ತಿದ್ದೆ. ಹೆಂಡತಿ ಸಮವಸ್ತ್ರದ ಜೊತೆಗೆ ಎರಡು ಬೆಡ್‌ಶೀಟನ್ನೂ ಮೆಷಿನ್ನಿಗೆ ಹಾಕಿ ಸ್ವಿಚ್ ಒತ್ತಿದಳು. ಮೂರು ತಿಂಗಳಿಂದ ಮೇಲೆ ಕಾರಿದ್ದಾಗಲೇ ಕೆಳಗೆ ಬಟ್ಟೆ ಒಗೆದ ಅಭ್ಯಾಸ ಅವಳದು. ಅವಳ ತಪ್ಪೇನಿದೆ?

ಸೋಪಿನ ಡ್ರಾಯರಿನಿಂದ ಆ ಮೂಲೆಗೇ ಯಾವಾಗಲೂ ತೊಟ್ಟು ತೊಟ್ಟು ನೀರು ಸೋರುತ್ತಿತ್ತು. ಇಟ್ಟಿಗೆ ಪ್ಲಾಸ್ಟಿಕ್ಕಿನದು, ಅದಕ್ಕೇನು? ಈಗಿದ್ದದ್ದು ರಟ್ಟು. ನೆನೆಯಿತು. ಮೆತ್ತಗಾಯಿತು. ಕೂತೇ ಹೋಯಿತು. ಸರಿಯಾಗಿ ಆ ಹೊತ್ತಿಗೆ ಮೆಷಿನ್ ನೀರು ಬಿಟ್ಟು, ಬಟ್ಟೆ ಹಿಂಡಲು ಗಿರಗಿರನೆ ತಿರುಗಲು ಶುರು ಮಾಡಿತು.

ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ನಮ್ಮ ಮನೆಯ ನೆಲ ನಿಜಕ್ಕೂ ಡೊಂಕು. ಆದರೂ ಮೆಷಿನ್ ಎಂಥ ಚೆನ್ನಾಗಿ ಕುಣಿಯಿತು ಅಂತೀರಿ! ಧಡ್ ಧಡ್ ಎಂಬ ಸದ್ದಿಗೆ ಅರ್ಧ ಗಡ್ಡದಲ್ಲೇ ಓಡಿ ಬಂದೆ. ಮೆಷಿನ್ ತನ್ನ ಜಾಗ ಬಿಟ್ಟು ಗೋಡೆಯ ಕಡೆಗೆ ಹೊರಟಿತ್ತು. ಮೇಲಿದ್ದ ಕಾರು, ಯಾರೋ ರಿವರ್ಸ್ ಗೇರ್ ಹಾಕಿದಂತೆ, ಹಿಮ್ಮುಖವಾಗಿ ಜಾರುತ್ತಿತ್ತು. "ನಿಲ್ಸೇ! ನಿಲ್ಸೇ!" ಎಂದು ಕೂಗಿದೆ. ಹೆಂಡತಿ ಧಾವಿಸಿ ಪ್ಲಗ್ ಕಿತ್ತಳು. ಆದರೆ ಅಷ್ಟು ವೇಗದಲ್ಲಿ ತಿರುಗುವ ಮೆಷಿನ್ ಪ್ಲಗ್ ಕಿತ್ತ ಕೂಡಲೇ ನಿಲ್ಲುತ್ತದೆಯೇ? ಗೋಡೆಗೂ ಮೆಷಿನ್ನಿಗೂ ನಡುವೆ ಕಾರಿನ ಹಿಂಭಾಗದ ಬಲಮೂಲೆ ಸಿಕ್ಕಿಕೊಂಡಿತು. ಧಡ್! ಧಡ್! ಇನ್ನೊಂದು ಸಣ್ಣ ಧಡ್! ಆಮೇಲೆ ನಿಶ್ಶಬ್ದ.

ಬೇರೆ ಇಟ್ಟಿಗೆಗಳಾಗಿದ್ದರೆ ಉದುರಿ ಬೀಳುತ್ತಿದ್ದವು. ಆದರೆ ಆ ಉಬ್ಬಿನಲ್ಲಿ ಇದ್ದದ್ದು ಮಡಚುವ ತುಂಡುಗಳಲ್ಲವೇ? ನನ್ನ ಪೈಲ್ವಾನನ ಬಲತೋಳು, ಅಪ್ಪಟ ತಗಡಿನ ಹಾಗೆ, ಒಳಕ್ಕೆ ನೆಗ್ಗಿ ಹೋಗಿತ್ತು!

ನಾನು ನೆಲದ ಮೇಲೆ ಕೂತುಬಿಟ್ಟೆ. ಹೆಂಡತಿ ಬಗ್ಗಿ ಮೆಷಿನ್ನಿನ ಕೆಳಗೆ ನೋಡಿದಳು.

"ರೀ, ಇಲ್ಲಿ ಎರಡು ಇಟ್ಟಿಗೆ ಇತ್ತಲ್ಲ?"

"ಇತ್ತು."

"ಈಗೆಲ್ಲಿ?"

"ಡಿಕ್ಕಿ ಮೇಲಿದೆ."

ಅವಳು ಎರಡು ಬೆರಳಲ್ಲಿ ಆ ಒದ್ದೆ ರಟ್ಟನ್ನು ಎಳೆದು, ಮಡಿಕೆ ಬಿಡಿಸಿ, ಗಟ್ಟಿಯಾಗಿ ಓದಿದಳು: "ಪರಿಶೀಲಿಸಲಾಗಿದೆ. ಅಳತೆ ಸರಿಯಾಗಿದೆ." ಕೆಳಗೆ ನನ್ನದೇ ಸಹಿ, ದುಂಡಗಿನ ಮುದ್ರೆ. ಮುದ್ರೆ ಮಾತ್ರ ಸ್ವಲ್ಪವೂ ಅಳಿಸಿರಲಿಲ್ಲ.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಎಷ್ಟು ಗಂಟೆ ಈಗ? ಹತ್ತೂವರೆ. ಇನ್ನೂ ಟೈಮಿದೆ. ನೆಗ್ಗು ತಾನೇ? ನಾನು ಬೆಳೆದದ್ದೇ ಅದರ ಮಧ್ಯೆ" ಎಂದಳು. ಆ ಕ್ಷಣದಲ್ಲಿ ಅವಳ ಮೇಲೆ ಉಕ್ಕಿದ ಪ್ರೀತಿಗೆ ಯಾವ ತಕ್ಕಡಿಯೂ ಸಾಲದು.

ಪ್ರೀತಿ ಅರ್ಧ ಗಂಟೆ ಇತ್ತು. ಒಳಗಿನಿಂದ ಚಮಚದ ಹಿಡಿಯಲ್ಲಿ ನೂಕಿದೆವು. ಕೀಲುಗಳು ಒಂದಕ್ಕೊಂದು ಹೆಣೆದುಕೊಂಡು ಮೊಂಡು ಹಿಡಿದಿದ್ದವು. ಒಂದನ್ನು ಬಿಡಿಸಿದರೆ ನಾಲ್ಕು ಉದುರುವ ಹಾಗಿತ್ತು. "ತಾಳಿ, ಅಪ್ಪ ರಬ್ಬರ್ ಬಟ್ಟಲು ಒತ್ತಿ ಹೊರಕ್ಕೆ ಎಳೀತಿದ್ರು" ಎಂದವಳೇ, ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಪಂಪ್ ತಂದಳು.

"ಅದು ಬೇಡ ಕಣೇ!"

"ನೀವು ಸುಮ್ನಿರಿ. ಗಟ್ಟಿಯಾಗಿ ಹಿಡ್ಕೊಳ್ಳಿ."

ಒತ್ತಿದಳು. ಎಳೆದಳು. ಪಚಕ್ ಎಂದು ಸದ್ದಾಯಿತು. ನೆಗ್ಗು ಇದ್ದಲ್ಲೇ ಇತ್ತು. ಕಾರಿನ ಛಾವಣಿ ಹಾರಿ ಹೋಗಿ ಬಕೆಟ್ಟಿನಲ್ಲಿ ಬಿತ್ತು!

ಛಾವಣಿಯ ತುಂಡುಗಳನ್ನೆಲ್ಲ ಹುಡುಕಿ, ಒರೆಸಿ, ಮತ್ತೆ ಕೂರಿಸುವಷ್ಟರಲ್ಲಿ ಗಂಟೆ ಮೂರು. ನಾನು ಇನ್ನೂ ಅರ್ಧ ಗಡ್ಡದಲ್ಲೇ ಇದ್ದೆ. ಹೆಂಡತಿ ತೀರ್ಮಾನ ಹೇಳಿದಳು: "ನೆಗ್ಗು ಗೋಡೆ ಕಡೆ ಬರೋ ಹಾಗೆ ಇಟ್ಟುಬಿಡಿ. ಹಿಂದಕ್ಕೆ ಹೋಗಿ ಯಾರು ನೋಡ್ತಾರೆ?"

ನಾನು ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ, ಅವಳು ನಮ್ಮ ಹಳೇ ಗಾಡಿ ಓಡಿಸಿದಳು. ಪ್ರತಿ ಉಬ್ಬಿಗೂ "ನಿಧಾನ!" ಎಂದೆ. "ಅರವತ್ತು ಮಕ್ಕಳನ್ನ ಕೂರಿಸ್ಕೊಂಡು ಓಡಿಸ್ತೀನಿ, ಒಬ್ರೂ ಇಷ್ಟು ಗಲಾಟೆ ಮಾಡಲ್ಲ" ಎಂದಳು.

ಶೆಡ್ಡು ಗುಡಿಸಿ ಸ್ವಚ್ಛವಾಗಿತ್ತು. ಗೋಡೆಯ ಮೇಲೆ ಸುತ್ತಿಗೆಗಳು ಇರಲಿಲ್ಲ, ಅವು ತೂಗುತ್ತಿದ್ದ ಜಾಗದಲ್ಲಿ ಸುತ್ತಿಗೆ ಆಕಾರದ ಬಿಳಿ ಕಲೆಗಳಷ್ಟೇ ಉಳಿದಿದ್ದವು. ಹೆಂಡತಿ ಹೋಗಿ ಒಂದು ಕಲೆಯ ಮೇಲೆ ಅಂಗೈ ಇಟ್ಟಳು. ಇಪ್ಪತ್ತು ಮೂವತ್ತು ಜನ, ಕಾಗದದ ಲೋಟಗಳಲ್ಲಿ ಚಹಾ, ಒಂದು ತಟ್ಟೆ ಬಿಸ್ಕತ್ತು. ಸುತ್ತಿಗೆಗಳನ್ನು ತುಂಬಿಟ್ಟ ಪೆಟ್ಟಿಗೆ ಮಾವನ ಕುರ್ಚಿ ಪಕ್ಕ ಇತ್ತು. ನಾನು ಕಾರನ್ನು ಮೇಜಿನ ಮೇಲೆ, ಬಲಬದಿ ಗೋಡೆಗೆ ಒತ್ತಿ, ಇಟ್ಟು ಬಟ್ಟೆ ಸರಿಸಿದೆ.

"ಅಬ್ಬಬ್ಬಾ!" ಎಂದರು ಎಲ್ಲರೂ. ಟೈರ್ ಅಂಗಡಿಯವರಂತೂ ಬಾನೆಟ್ ಎತ್ತಿ, ಫ್ಯಾನ್ ತಿರುಗಿಸಿ ನೋಡಿ ಬೆಪ್ಪಾದರು. ನನ್ನ ಎದೆ ಹಿಗ್ಗುತ್ತಿತ್ತು. ಮಾವ ಎದ್ದು ಬಂದರು. ಎಂಜಿನ್ ನೋಡಿದರು. ಏನೂ ಹೇಳಲಿಲ್ಲ. ಸ್ಟಿಯರಿಂಗ್ ತಿರುಗಿಸಿದರು. ಏನೂ ಹೇಳಲಿಲ್ಲ. ಕಪ್ಪು ಪಟ್ಟಿಗಳ ಮೇಲೆ ಬೆರಳೆಳೆದರು. ಏನೂ ಇಲ್ಲ! ಆಮೇಲೆ ಅವರ ಚಾಳಿಯಂತೆ ಕಣ್ಣು ಮುಚ್ಚಿ, ಅಂಗೈಯನ್ನು ಛಾವಣಿಯಿಂದ ಹಿಂದಕ್ಕೆ, ಗೋಡೆಯ ಕಡೆಗೆ ಸವರಿದರು. ಅಂಗೈ ನೆಗ್ಗಿನೊಳಕ್ಕೆ ಇಳಿಯಿತು. ನಿಂತಿತು.

ನನ್ನ ಉಸಿರೂ ನಿಂತಿತು. ಮಾವ ಕಾರನ್ನು ತಾವೇ ತಿರುಗಿಸಿ, ಕನ್ನಡಕ ಹಾಕಿ, ಬಗ್ಗಿ ಬಹಳ ಹೊತ್ತು ನೋಡಿದರು. ಯಾವತ್ತೂ ನಾಲ್ಕು ಮಾತಿಗೆ ಮೀರದವರು ಅಂದು ಮಾತಾಡಿದರು.

"ಇದು ಬಂದಾಗ ಹೀಗೇ ಇತ್ತು. ಇಲ್ಲೇ, ಇಷ್ಟೇ ಆಳ. ಮೂರು ವರ್ಷ ಇಟ್ಕೊಂಡಿದ್ದೆ. ನೆಗ್ಗು ಇರೋವರೆಗೂ ಅದು ನಂದು. ಕೊನೇ ನೆಗ್ಗು ತೆಗೆದ ವಾರಕ್ಕೆ ಯಜಮಾನ ಬಂದು ಓಡಿಸ್ಕೊಂಡು ಹೋದ. ಆ ಫೋಟೋ ಅವನು ಕೊಟ್ಟಿದ್ದು. ಅದರಲ್ಲಿರೋದು ಅವನ ಕಾರು. ಇದು..." ಎಂದು ನೆಗ್ಗನ್ನು ತಟ್ಟಿದರು, "ಇದು ನನ್ನ ಕಾರು."

ಮಾವ ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಈ ನೆಗ್ಗು ನೀವೇ ಮಾಡಿದ್ದಾ?"

ಹೆಂಡತಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಿಲ್ಲ. ಹದಿನಾಲ್ಕು ವರ್ಷ! ಒಂದೇ ಒಂದು ಮಾತು!

"ಹೌದು ಮಾವ. ನಾನೇ. ಬೇಕಂತಲೇ ಮಾಡಿದ್ದು."

ಮಾವ ಕನ್ನಡಕ ತೆಗೆದರು. ಹೇಳಿಯೇ ಬಿಟ್ಟರು.

"ಪರವಾಗಿಲ್ಲ."

ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಯಾರೋ ಚಪ್ಪಾಳೆ ಹೊಡೆದರು. ಹಳೇ ಪೇಂಟರ್ ಬಂದು ನನ್ನ ಬೆನ್ನು ತಟ್ಟಿದ. ನಾನು ಅರ್ಧ ಗಡ್ಡದಲ್ಲೇ ಸುತ್ತಲೂ ಕೈ ಮುಗಿದೆ. ಆ ಸುಖ ಎಷ್ಟು ಹೊತ್ತಿತ್ತು ಎಂದರೆ, ಮಾವ ಬಗ್ಗಿ ಪೆಟ್ಟಿಗೆಯಿಂದ ಒಂದು ಚಿಕ್ಕ ಸುತ್ತಿಗೆ ತೆಗೆಯುವಷ್ಟು ಹೊತ್ತು.

"ಎಡಗಡೆ ಬಾಗಿಲಿಗೂ ಒಂದಿತ್ತು. ಇದಕ್ಕಿಂತ ಸಣ್ಣದು. ಅದನ್ನೂ ಹಾಕಿಬಿಡಿ, ಪೂರ್ತಿ ಆಗುತ್ತೆ" ಎಂದು ಸುತ್ತಿಗೆ ನನ್ನ ಕೈಗಿಟ್ಟರು.

"ಈಗಲಾ ಮಾವ?"

"ಈಗಲೇ. ಇನ್ಯಾವಾಗ? ಶಟರ್ ಎಳೀಬೇಕು."

ಮೂವತ್ತು ಜನ ಒಂದು ಹೆಜ್ಜೆ ಹತ್ತಿರ ಬಂದರು. ನನ್ನ ಹೆಬ್ಬೆರಳು ಹಳೆಯದನ್ನೆಲ್ಲ ನೆನೆಸಿಕೊಂಡು ತಾನೇ ಒಳಕ್ಕೆ ಮಡಚಿಕೊಂಡಿತು. ಸುತ್ತಿಗೆ ಎತ್ತಿ ಮೆಲ್ಲಗೆ ಹೊಡೆದೆ. ಬಾಗಿಲು ಮಿಸುಕಲಿಲ್ಲ. ಸ್ವಲ್ಪ ಜೋರಾಗಿ ಹೊಡೆದೆ. ಬಾನೆಟ್ ತಾನಾಗಿ ತೆರೆದುಕೊಂಡು ಫ್ಯಾನ್ ಗಿರ್ರೆಂದಿತು. ಕಣ್ಣು ಮುಚ್ಚಿ ಮೂರನೆಯ ಏಟು ಹಾಕಿದೆ. ಬಾಗಿಲು ಹಾಗೇ ಇತ್ತು. ಮುಂದಿನ ಹೆಡ್‌ಲೈಟ್ ಚಿಮ್ಮಿ, ಟೈರ್ ಅಂಗಡಿಯವರ ಚಹಾದಲ್ಲಿ ಹೋಗಿ ಬಿತ್ತು!

ಮಾವ ಸುತ್ತಿಗೆ ವಾಪಸ್ ಇಸಿದುಕೊಂಡರು. "ಬೇಡ ಬಿಡಿ" ಎಂದರು. ನೆಗ್ಗನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಂಗಾದ್ರೆ ಇದನ್ನ ಮಾಡಿದ್ದು ಯಾರು?"

ನಾನು ನೆಲ ನೋಡಿದೆ. ಹೆಂಡತಿ ಲೋಟದ ಕೊನೆಯ ಗುಟುಕು ಚಹಾ ಕುಡಿದು, ಲೋಟವನ್ನು ಬುಟ್ಟಿಗೆ ಹಾಕಿ, ಬಾಯಿ ಒರೆಸಿಕೊಂಡು ಹೇಳಿದಳು:

"ಅಪ್ಪ, ಅದಕ್ಕೆ ನೀನು ನಮ್ಮನೆಗೇ ಬರಬೇಕು. ಎರಡು ಬೆಡ್‌ಶೀಟ್ ಒಗೆಯೋಕೆ ಹಾಕಿದ್ರೆ ತಾನಾಗೇ ಆಗುತ್ತೆ."

ಆಮೇಲೆ ಶೆಡ್ಡಿನಲ್ಲಿ ಎದ್ದ ನಗು ಶಟರ್ ಎಳೆದ ಮೇಲೂ ರಸ್ತೆಗೆ ಕೇಳುತ್ತಿತ್ತು. ಕಥೆ ಪೂರ್ತಿ ಹೇಳಿದವಳು ಅವಳೇ, ಮುದ್ರೆ ಒತ್ತಿದ ರಟ್ಟಿನ ಸಮೇತ. ಮಾವ ಕೂಡ ನಕ್ಕರು. ಹಲ್ಲು ಕಾಣುವಂತೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಕಾರನ್ನು ಮಾತ್ರ ಯಾರ ಕೈಗೂ ಕೊಡದೆ ತಾವೇ ಎತ್ತಿಕೊಂಡು ಮನೆಗೆ ಹೋದರು. ನೆಗ್ಗು ಈ ಕಡೆ ಕಾಣುವ ಹಾಗೆ ತಲೆದೆಸೆಯ ಮೇಜಿನ ಮೇಲಿಟ್ಟುಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಾವ ನಮ್ಮನೆ ಬಾಗಿಲಲ್ಲಿದ್ದರು. ಕೈಯಲ್ಲಿ ಸಲಕರಣೆ ಪೆಟ್ಟಿಗೆ, ಜೇಬಿನಲ್ಲಿ ಮೆಷಿನ್ನಿಗೊಂದು ಹೊಸ ರಬ್ಬರ್ ಕಾಲು. "ಮೊದಲು ಕಾಲು ಹಾಕೋದು ಬೇಡ. ಹಂಗೇ ಒಂದ್ಸಲ ಓಡ್ಸು" ಎಂದರು ಮಗಳಿಗೆ. ಅವಳು ಬೆಡ್‌ಶೀಟ್ ಹಾಕಿದಳು. ಮೆಷಿನ್ ಕುಣಿಯಿತು, ನಡೆಯಿತು, ಹೋಗಿ ಗೋಡೆಗೆ ಗುದ್ದಿತು. ಮಾವ ಸ್ಟೂಲಿನ ಮೇಲೆ ಕೂತು ಶುರುವಿನಿಂದ ಕೊನೆಯವರೆಗೂ ನೋಡಿದರು. ಆಮೇಲೆ ಎರಡೇ ನಿಮಿಷದಲ್ಲಿ ರಬ್ಬರ್ ಕಾಲು ಹಾಕಿದರು. ನಾನು ಸಹಾಯಕ್ಕೆಂದು ರಸಮಟ್ಟ ತಂದೆ.

"ಬೇಡ ಬಿಡಿ" ಎಂದರು.

ಕಣ್ಣು ಮುಚ್ಚಿದರು. ಮೆಷಿನ್ನಿನ ತಲೆಯ ಮೇಲೆ ಅಂಗೈ ಇಟ್ಟು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸವರಿದರು. ಎಮ್ಮೆ ಕೊಳ್ಳುವವನು ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಪರವಾಗಿಲ್ಲ" ಎಂದರು.